ಕೊನೇ ಪಂಕ್ತಿಯವಳ ತೂಕ

ಶ್ರಾವಣ ಬಂತೆಂದರೆ ನಮ್ಮ ಪತ್ರಿಕೆಗಳೂ ಮೈದುಂಬಿಕೊಳ್ಳುತ್ತವೆ. ವರಮಹಾಲಕ್ಷ್ಮಿಯಿಂದ ಹಿಡಿದು ದೀಪಾವಳಿಯವರೆಗೆ ಒಂದಾದ ಮೇಲೊಂದು ವಿಶೇಷ ಪುರವಣಿ. ಇವನ್ನು ವರ್ಷಾನುಗಟ್ಟಲೆ ಓದಿಕೊಂಡು ಬಂದ ನನಗೆ ಅವುಗಳ ಒಂದು ವಿಚಿತ್ರ ಬಾಯಿಪಾಠವೇ ಆಗಿಬಿಟ್ಟಿದೆ. ಎಡಪುಟದಲ್ಲಿ ಕಾಯಿಹೋಳಿಗೆ, ಚಿರೋಟಿ, ಬಾದಾಮಿ ಪೂರಿ. ಪಾಕ ಎಳೆ ಬರುವ ತನಕ ಕುದಿಸಿ, ತುಪ್ಪ ಧಾರಾಳವಾಗಿರಲಿ ಎಂಬ ಸೂಚನೆ. ಅದರ ಎದುರಿಗೇ, ಬಲಪುಟದಲ್ಲಿ, ಹಬ್ಬದಲ್ಲಿ ತೂಕ ಹೆಚ್ಚದಂತೆ ನೋಡಿಕೊಳ್ಳುವುದು ಹೇಗೆ ಎಂಬ ಲೇಖನ. ಪತ್ರಿಕೆ ಮಡಿಸಿದರೆ ಹೋಳಿಗೆಯ ಚಿತ್ರ ತೂಕದ ಯಂತ್ರದ ಚಿತ್ರದ ಮೇಲೆ ಸರಿಯಾಗಿ ಹೋಗಿ ಕೂರುತ್ತದೆ. ಎರಡೂ ಪುಟಗಳ ಓದುಗಳು ಒಬ್ಬಳೇ. ಬೆಳಿಗ್ಗೆ ಎಡಪುಟ ನೋಡಿ ಮಾಡಬೇಕಾದವಳೂ ಅವಳೇ, ಸಾಯಂಕಾಲ ಬಲಪುಟ ನೋಡಿ ಅಳಬೇಕಾದವಳೂ ಅವಳೇ.

ಎಡಪುಟದ ಬಗ್ಗೆ ನನ್ನ ತಕರಾರೇನಿಲ್ಲ. ಅಳತೆ ಸರಿಯಿದ್ದರೆ ಸಾಕು. ಅಡುಗೆಯ ಬರವಣಿಗೆ ಕನ್ನಡಕ್ಕೆ ಹೊಸದೂ ಅಲ್ಲ. 16ನೇ ಶತಮಾನದ ಆರಂಭದಲ್ಲೇ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದಿಟ್ಟಿದ್ದಾನೆ. ನನ್ನ ಮಾತಿರುವುದು ಬಲಪುಟದ ಸಾಹಿತ್ಯದ ಬಗ್ಗೆ. ಸಾಹಿತ್ಯ ಎಂದು ಬೇಕೆಂದೇ ಅನ್ನುತ್ತಿದ್ದೇನೆ. ಕಥೆ ಕಾದಂಬರಿಗಳನ್ನು ಒರೆಗೆ ಹಚ್ಚಲು ವಿಮರ್ಶಕರು ಸಾಲುಗಟ್ಟಿ ನಿಂತಿದ್ದಾರೆ. ಊರಿನ ಅರ್ಧ ಹೆಂಗಸರು ಓದಿ, ನಂಬಿ, ಅದರಂತೆ ನಡೆಯಲು ಹೋಗಿ ಸೋಲುವ ಈ ಲೇಖನಗಳನ್ನು ಮಾತ್ರ ಯಾರೂ ಒರೆಗೆ ಹಚ್ಚುವುದಿಲ್ಲ.

ಮೊದಲು ಅವುಗಳ ಭಾಷೆಯನ್ನೇ ನೋಡಿ. ಆಸೆಗೆ ಬಲಿಯಾಗಬೇಡಿ, ಒಂದು ದಿನದ ತಪ್ಪನ್ನು ಮರುದಿನ ಸರಿದೂಗಿಸಿ, ಪಾಪಪ್ರಜ್ಞೆಯಿಲ್ಲದೆ ಸವಿಯಬಹುದಾದ ಕಡುಬು ಇಲ್ಲಿದೆ, ಹೀಗೆ. ಬಲಿ, ತಪ್ಪು, ಪಾಪ: ಇದು ಅಡುಗೆಮನೆಯ ಭಾಷೆಯೋ, ನ್ಯಾಯಾಲಯದ್ದೋ? ಪಾಪಪ್ರಜ್ಞೆಯಿಲ್ಲದ ಕಡುಬು ಒಂದಿದೆ ಎಂದರೆ ನಮ್ಮಜ್ಜಿ ಮಾಡುತ್ತಿದ್ದ ಕಡುಬು ಪಾಪದ್ದೆಂದಾಯಿತು. ನಮ್ಮ ಪುರಾಣದಲ್ಲಿ ಕಡುಬು ತಿಂದ ಕಥೆ ಇದೆಯಲ್ಲ, ಎಲ್ಲರಿಗೂ ಗೊತ್ತಿರುವುದೇ. ಗಣಪ ಹೊಟ್ಟೆ ಬಿರಿಯ ತಿಂದ, ದಾರಿಯಲ್ಲಿ ಬಿದ್ದ, ಒಡೆದ ಹೊಟ್ಟೆಗೆ ಹಾವನ್ನು ಸುತ್ತಿಕೊಂಡು ಎದ್ದು ನಿಂತ. ಮೇಲಿನಿಂದ ಚಂದ್ರ ನಕ್ಕ. ಶಾಪ ಸಿಕ್ಕಿದ್ದು ಯಾರಿಗೆ? ತಿಂದವನಿಗಲ್ಲ, ನಕ್ಕವನಿಗೆ. ಬಲಪುಟದವರು ಚೌತಿಯ ದಿನವಾದರೂ ಆ ಕಥೆಯನ್ನು ಒಮ್ಮೆ ನೆನೆಸಿಕೊಳ್ಳಬಹುದಿತ್ತು.

ಭಾಷೆ ಎರವಲು ಬಂದದ್ದು ಎಂದು ಬೇಗ ತಿಳಿಯುತ್ತದೆ. ಅಮೆರಿಕದಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಹೊಸ ವರ್ಷದವರೆಗೆ ಐದಾರು ವಾರ ಒಂದೇ ಸಮನೆ ಔತಣ. ಆ ದಿನಗಳಿಗಾಗಿ ಅಲ್ಲಿ ಹುಟ್ಟಿದ ಎಚ್ಚರಿಕೆಯ ಲೇಖನಗಳಲ್ಲಿ ಟರ್ಕಿ ಕೋಳಿಯನ್ನು ತೆಗೆದು ಹೋಳಿಗೆ ಇಟ್ಟರೆ ನಮ್ಮ ಬಲಪುಟ ಸಿದ್ಧ. ಅಲ್ಲಿಯ ಭಯಕ್ಕಾದರೂ ಎಷ್ಟು ಆಧಾರವಿತ್ತು? 2000ದಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 195 ಮಂದಿ ವಯಸ್ಕರನ್ನು ತೂಗಿ ನೋಡಿದ ಅಧ್ಯಯನ ಪ್ರಕಟವಾಯಿತು. ಆ ಹಬ್ಬದ ವಾರಗಳಲ್ಲಿ ಅವರ ತೂಕ ಹೆಚ್ಚಿದ್ದು ಸರಾಸರಿ 370 ಗ್ರಾಂ. ಆದರೆ ಕೇಳಿದರೆ, ತಾವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ದಪ್ಪಗಾದೆವೆಂದೇ ಅವರು ಹೇಳಿಕೊಂಡಿದ್ದರು. ಹೆಚ್ಚಿದ ಆ ಸ್ವಲ್ಪವೂ ಮುಂದೆ ತಾನಾಗಿ ಇಳಿಯಲಿಲ್ಲ ಎಂಬುದನ್ನೂ ಸಂಶೋಧಕರು ಸೇರಿಸಿದ್ದಾರೆ. ಆದ್ದರಿಂದ ಏನೂ ಆಗುವುದಿಲ್ಲ, ತಿನ್ನಿರಿ ಎಂದು ನಾನು ಹೇಳುತ್ತಿಲ್ಲ. ಆದದ್ದಕ್ಕೂ ಆಯಿತೆಂದು ಅಂದುಕೊಂಡದ್ದಕ್ಕೂ ನಡುವೆ ಇದ್ದ ಅಂತರವನ್ನು ಗಮನಿಸಿ ಎನ್ನುತ್ತೇನೆ. ಅಪರಾಧಿ ಭಾವ ಬೆಳೆಯುವುದು ಆ ಅಂತರದಲ್ಲೇ.

ನಮ್ಮ ಪಂಚಾಂಗದ ಬಗೆಯೇ ಬೇರೆ. ಇಲ್ಲಿ ಹಬ್ಬಗಳು ಒಂದೇ ರಾಶಿಯಾಗಿ ಬೀಳುವುದಿಲ್ಲ. ಯುಗಾದಿ ಕಳೆದ ಮೇಲೆ ಉಸಿರಾಡಲು ತಿಂಗಳುಗಳಿವೆ. ಶ್ರಾವಣ ಭಾದ್ರಪದ ದಟ್ಟವಾದರೂ ನಡುನಡುವೆ ಏಕಾದಶಿ, ಸಂಕಷ್ಟಿ, ಶನಿವಾರ, ಸೋಮವಾರಗಳ ಒಪ್ಪೊತ್ತು ಇದೆ. ತಿನ್ನುವ ದಿನವೂ ಬಿಡುವ ದಿನವೂ ಒಂದೇ ಕ್ಯಾಲೆಂಡರಿನ ಹಾಳೆಯಲ್ಲಿವೆ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪಂಗಡ ಚಪ್ಪಾಳೆ ತಟ್ಟಲು ಸಿದ್ಧವಾಗಿರುತ್ತದೆ, ಬಲ್ಲೆ. ನಮ್ಮ ಹಿರಿಯರು ಮಾಡಿದ್ದೆಲ್ಲ ವಿಜ್ಞಾನ ಎನ್ನುವ ಪಂಗಡ. ಅವರ ಲೇಖನಗಳಿಗೂ ಪುರವಣಿಯಲ್ಲಿ ಒಂದು ಕಾಲಂ ಮೀಸಲು. ಸಂಕ್ರಾಂತಿಯ ಎಳ್ಳಿನಲ್ಲಿ ಸುಣ್ಣದ ಅಂಶವಿದೆ, ಸರಿ. ಕೋಸಂಬರಿಯಲ್ಲಿ ನೆನೆದ ಹೆಸರುಬೇಳೆ, ಹಸಿ ಸೌತೆಕಾಯಿ ಇವೆ, ಅದೂ ಸರಿ. ಆದರೆ ಅಲ್ಲಿಗೆ ನಿಲ್ಲದೆ, ಸಕ್ಕರೆ ವಿಷ, ಬೆಲ್ಲ ಅಮೃತ ಎಂದುಬಿಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ 100 ಗ್ರಾಂ ಸಕ್ಕರೆಗೆ 398 ಕ್ಯಾಲೊರಿ, ಅಷ್ಟೇ ಬೆಲ್ಲಕ್ಕೆ 383. ವ್ಯತ್ಯಾಸ ಒಂದು ಚಮಚೆಗೂ ಸಾಲದು. ಬೆಲ್ಲಕ್ಕೆ ಅದರದೇ ಪರಿಮಳವಿದೆ, ಹೋಳಿಗೆಗೆ ಅದೇ ಬೇಕು. ಆದರೆ ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಪಾಯಸವೆಂದು ಎರಡು ಲೋಟ ಹೆಚ್ಚು ಬಡಿಸುವುದು ಉಪಚಾರವಲ್ಲ. ಉಪವಾಸದ ವಿಷಯವೂ ಹಾಗೆಯೇ. ಅನ್ನ ಬಿಟ್ಟ ದಿನ ಸಬ್ಬಕ್ಕಿ ವಡೆ, ಆಲೂಗಡ್ಡೆ ಹುರಿದದ್ದು, ಅವಲಕ್ಕಿ, ಬಾಳೆಹಣ್ಣಿನ ಸೀಕರಣೆ ಎಲ್ಲಾ ಸೇರಿದರೆ ಊಟವೇ ಹಗುರ. ಅದನ್ನು ಭಕ್ತಿಯೆಂದು ಕರೆಯಿರಿ, ನನ್ನ ಅಭ್ಯಂತರವಿಲ್ಲ. ಪಥ್ಯವೆಂದು ಕರೆಯಬೇಡಿ.

ಒಬ್ಬರು ಹೆದರಿಸುತ್ತಾರೆ, ಇನ್ನೊಬ್ಬರು ಹೊಗಳುತ್ತಾರೆ. ಈ ಎರಡೂ ಪಂಗಡದವರಲ್ಲಿ ನನಗೆ ಕಂಡ ಸಮಾನ ದೋಷ ಒಂದಿದೆ. ಇಬ್ಬರೂ ಎಲೆಯ ಮೇಲೆ ಏನಿದೆ ಎಂದಷ್ಟೇ ನೋಡುತ್ತಾರೆ. ಆ ಎಲೆಯ ಮುಂದೆ ಯಾರು, ಎಷ್ಟು ಹೊತ್ತಿಗೆ ಕೂತರು ಎಂದು ಕೇಳುವುದೇ ಇಲ್ಲ.

ಬಲಪುಟದ ಲೇಖನ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ಊಟಕ್ಕೆ ಕೂರುವ ಅರ್ಧ ಗಂಟೆ ಮೊದಲು ಒಂದು ಲೋಟ ನೀರು ಕುಡಿಯಿರಿ, ನಿಧಾನವಾಗಿ ಅಗಿದು ತಿನ್ನಿ, ಎರಡನೆಯ ಸಲ ಬಡಿಸಿಕೊಳ್ಳಬೇಡಿ. ಇದನ್ನು ಓದುವವಳ ಹಬ್ಬದ ದಿನವನ್ನು ಸ್ವಲ್ಪ ನೋಡಿ. ನಮ್ಮ ಶಿವಮೊಗ್ಗದ ಮನೆಯದ್ದೇ ಹೇಳುತ್ತೇನೆ, ನಿಮ್ಮದು ತೀರ ಬೇರೆಯಿರಲಾರದು. ಐದಕ್ಕೆ ಎದ್ದು ರಂಗೋಲಿ, ತೋರಣ, ಎಣ್ಣೆಸ್ನಾನ. ಕಾಫಿ ಒಂದು ಲೋಟ ಆದರೆ ಆಯಿತು. ಪೂಜೆಗೆ ಕೂರುವವರಾದರೆ ಅದೂ ಇಲ್ಲ. ನೈವೇದ್ಯಕ್ಕೆ ಮೊದಲು ಬಾಯಿಗೆ ಹಾಕಿ ನೋಡುವಂತಿಲ್ಲ, ಉಪ್ಪು ಹುಳಿಯನ್ನು ಮೂಗಿನಲ್ಲೇ ಅಂದಾಜು ಮಾಡಬೇಕು. ಮಂಗಳಾರತಿ ಒಂದೂವರೆಗೆ. ಮೊದಲ ಪಂಕ್ತಿ ಗಂಡಸರು, ಮಕ್ಕಳು, ಬಂದವರು. ಎರಡನೆಯದು ಹಿರಿಯ ಹೆಂಗಸರು. ಬಿಸಿಬಿಸಿ ಹೋಳಿಗೆ ಹಂಚಿನಿಂದ ಎಲೆಗೆ ಹೋಗುತ್ತಿರಬೇಕು, ಹಂಚಿನ ಮುಂದೆ ಯಾರಾದರೂ ನಿಂತಿರಲೇಬೇಕು. ಆಕೆ ಎಲೆಯ ಮುಂದೆ ಕೂರುವಾಗ ಮೂರೂವರೆ. ಸೊಂಟ ಹಿಡಿದುಕೊಂಡಿರುತ್ತದೆ, ತೊವ್ವೆ ಆರಿರುತ್ತದೆ, ಪಲ್ಯ ತಳ ಕಂಡಿರುತ್ತದೆ. ಕೋಸಂಬರಿಯಂತೂ ಮೊದಲ ಪಂಕ್ತಿಯಲ್ಲೇ ಮುಗಿದಿರುತ್ತದೆ. ಉಳಿದಿರುವುದು ಅನ್ನ, ಹರಿದ ಹೋಳಿಗೆ, ಬಾಂಡಲೆಯ ಅಡಿಯ ಚೂರು ಅಂಬೊಡೆ. ಹತ್ತು ಗಂಟೆ ಹಸಿದ ಹೊಟ್ಟೆ ಎಷ್ಟು ಅಗಿಯಲಿ ಎಂದು ಕೇಳುತ್ತದೆಯೇ? ಎರಡು ಹೋಳಿಗೆ ಹಾಲಿನಲ್ಲಿ ಅದ್ದಿಕೊಂಡು ನುಂಗಿ, ರಾತ್ರಿ ಹೊಟ್ಟೆಯುಬ್ಬರ, ಹುಳಿತೇಗು. ಮರುದಿನ ಮಿಕ್ಕಿದ್ದನ್ನು ಎಸೆಯಲಾರದೆ ಮತ್ತೆ ಅದೇ ತಿಂದು ಮುಗಿಸುವವಳೂ ಅವಳೇ. ಆಮೇಲೆ ಪುರವಣಿ ತೆಗೆದರೆ, ಒಂದು ಹೋಳಿಗೆಗೆ ಇಷ್ಟು ನಿಮಿಷ ವಾಕಿಂಗ್ ಎಂದು ಲೆಕ್ಕ. ಬೆಳಿಗ್ಗೆ ಐದರಿಂದ ನಿಂತ ಕಾಲನ್ನು ಯಾವ ಖಾತೆಗೆ ಜಮಾ ಮಾಡುತ್ತಾರೋ ಕಾಣೆ.

ಅತಿಯಾಗಿ ತಿಂದಳು ಎಂಬುದು ಈ ಹೆಣ್ಣಿನ ಕಥೆಯಲ್ಲ. ಹೊತ್ತಿಗೆ ತಿನ್ನಲಿಲ್ಲ, ತಿನ್ನಬೇಕಾದ್ದು ಅವಳವರೆಗೆ ಬರಲಿಲ್ಲ ಎಂಬುದು ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿಗೆ ಅಥವಾ ಹತ್ತಿರಹತ್ತಿರ ಅಷ್ಟು ಮಂದಿಗೆ ತೂಕ ಹೆಚ್ಚು. ರಕ್ತಹೀನತೆ ಇರುವವರು ನೂರಕ್ಕೆ 57. ಎರಡೂ ಒಬ್ಬಳಲ್ಲೇ ಇರಬಹುದು, ಪಟ್ಟಣದಲ್ಲಿ ಅದು ಅಪರೂಪವೂ ಅಲ್ಲ: ಮೈ ತುಂಬಿದೆ, ರಕ್ತ ಸಾಲದು. ಅವಳಿಗೆ ಸೊಪ್ಪು, ಬೇಳೆ, ಕಾಳು ಬೇಕು. ಸಾರಿನ ತಿಳಿಯಲ್ಲ, ಬೇಳೆ ತಳದಲ್ಲಿರುವ ಗಟ್ಟಿ. ಕಡಿಮೆ ತಿನ್ನು ಎಂಬ ಒಂದೇ ಮಂತ್ರವನ್ನು ಈ ಐವತ್ತೇಳು ಮಂದಿಯ ಕಿವಿಯಲ್ಲೂ ಊದುವ ಲೇಖನಕ್ಕೆ ಆರೋಗ್ಯದ ಲೇಖನ ಎಂಬ ಹೆಸರು ನನ್ನ ಮಟ್ಟಿಗೆ ಹೊಂದುವುದಿಲ್ಲ.

ಹಬ್ಬದ ಮುನ್ನಾದಿನ ಬರೀ ಹಣ್ಣಿನ ರಸ, ಮರುದಿನ ದೇಹಶುದ್ಧಿ ಎಂಬ ಉಪಾಯವಂತೂ ನನಗೆ ಅರ್ಥವೇ ಆಗಿಲ್ಲ. ಶುದ್ಧಿ ಮಾಡಲು ಯಕೃತ್ತು, ಮೂತ್ರಪಿಂಡ ಎಂಬ ಎರಡು ಅಂಗಗಳು ಸಂಬಳವಿಲ್ಲದೆ ದುಡಿಯುತ್ತಿವೆ. ಮುನ್ನಾದಿನ ಉಪವಾಸ ಬಿದ್ದವಳು ಹಬ್ಬದ ದಿನ ಮೂರೂವರೆಗೆ ಹೇಗೆ ತಿಂದಾಳು ಎಂಬುದಕ್ಕೆ ಅಧ್ಯಯನ ಬೇಕಾಗಿಲ್ಲ.

ಕಾಯಿಲೆಯವರ ಮಾತು ಬೇರೆ. ಇಲ್ಲಿ ಬಲಪುಟದವರ ಎಚ್ಚರಿಕೆಗೆ ನಾನು ತಲೆಬಾಗುತ್ತೇನೆ, ಆದರೆ ಅವರು ಎಚ್ಚರಿಸುವುದು ಅರ್ಧ ವಿಷಯವನ್ನು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲು ಎಂದಿತು. ಅಂದ ಮೇಲೆ ಪ್ರತಿ ಬೀದಿಯ ಪ್ರತಿ ಹಬ್ಬದಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ನನ್ನ ಸೋದರತ್ತೆ ಒಂದು ಗೌರಿಹಬ್ಬದ ದಿನ ಎಂದಿನಂತೆ ಬೆಳಿಗ್ಗೆ ಮಾತ್ರೆ ನುಂಗಿದರು. ಪೂಜೆ ಮುಗಿಯದೆ ತಿನ್ನುವುದಿಲ್ಲ ಎಂದು ಕೂತರು. ಬಾಗಿನ ಕೊಡುವ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಏನೆಂದು ಯಾರಿಗೂ ಹೊಳೆಯಲಿಲ್ಲ. ದೃಷ್ಟಿ ತಾಕಿತೆಂದು ಒಬ್ಬರು ಉಪ್ಪು ಮೆಣಸಿನಕಾಯಿ ಹುಡುಕಿದರು. ನರ್ಸಿಂಗ್ ಓದುತ್ತಿದ್ದ ನಮ್ಮ ನಾದಿನಿಯ ಮಗಳು ಓಡಿಬಂದು ನಾಲ್ಕು ಚಮಚೆ ಸಕ್ಕರೆ ಕದಡಿದ ನೀರು ಕುಡಿಸಿದಳು. ಹತ್ತು ನಿಮಿಷದಲ್ಲಿ ಅತ್ತೆ ಎದ್ದು ಕೂತು, “ಯಾಕೆ ಎಲ್ಲಾ ಹೀಗೆ ನಿಂತಿದ್ದೀರಿ?” ಎಂದರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ಮುಂದೂಡಿದರೆ ಹೀಗಾಗುತ್ತದೆ, ಪ್ರಾಣಕ್ಕೇ ಸಂಚಕಾರ ಬರಬಹುದು. ಹಬ್ಬಕ್ಕೆ ವಾರ ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆ ಊಟಗಳ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಒಂದು ಹೋಳಿಗೆ ತಿನ್ನಬಹುದೇ ಎಂಬ ಪ್ರಶ್ನೆಗೆ ಅರ್ಧ ಪುಟ ಕೊಡುವ ಪುರವಣಿಗಳು ಮಡಿಯಲ್ಲಿ ಎರಡು ಗಂಟೆಯವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಬಹುದೇ ಎಂಬ ಪ್ರಶ್ನೆಗೆ ಒಂದು ಸಾಲನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಅದೇ ಅತ್ತೆಗೆ ಬಡಿಸುವವರ ಕಾಟವೂ ಇತ್ತು. “ನನ್ನಾಣೆ, ಒಂದೇ ಒಂದು, ಹಬ್ಬದ ದಿನ ಬೇಡ ಅನ್ನಬಾರದು” ಎಂದು ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಹಾಕಿಬಿಡುತ್ತಾರೆ. ತಿಂದರೆ ವೈದ್ಯರಿಗೆ ಅಪರಾಧಿ, ಬಿಟ್ಟರೆ ಮನೆಯೊಡತಿಗೆ ಅಪರಾಧಿ. ನಿರಾಳವಾಗಿ ಉಣ್ಣುವುದೆಂದರೆ ಬೇಕಾದ್ದನ್ನು ತಿನ್ನುವ ಸ್ವಾತಂತ್ರ್ಯ ಮಾತ್ರವಲ್ಲವಲ್ಲ. ಸಾಕು ಎಂದಾಗ ಆ ಮಾತು ನಡೆಯಬೇಕು. ನಮ್ಮ ಉಪಚಾರದ ಈ ಹಟವನ್ನು ಪರಂಪರೆಯ ಪಂಗಡದವರು ಮುಟ್ಟುವುದಿಲ್ಲ, ತೂಕದ ಪಂಗಡದವರಿಗೆ ಇದರ ಪರಿಚಯವೇ ಇಲ್ಲ.

ಹಾಗಾದರೆ ಸಕ್ಕರೆಯ ಲೆಕ್ಕವೇ ಬೇಡವೇ? ಬೇಕು, ಆದರೆ ಸರಿಯಾದ ಜಾಗದಲ್ಲಿ. ಸೇರಿಸಿಕೊಂಡು ತಿನ್ನುವ ಸಕ್ಕರೆ, ಬೆಲ್ಲವೂ ಅದರಲ್ಲೇ ಬಂತು, ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 10 ಪಾಲಿಗಿಂತ ಕಡಿಮೆಯಿರಲಿ, 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಆ ಐದು ಪಾಲು ಎಂದರೆ ಸುಮಾರು 25 ಗ್ರಾಂ. ಈಗ ಗೌರಿಹಬ್ಬ ಬಿಟ್ಟು ಒಂದು ಮಾಮೂಲಿ ಮಂಗಳವಾರ ನೋಡೋಣ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚೆ, ಚಮಚೆಗೆ 5 ಗ್ರಾಂ. ಆಗಲೇ 30 ಆಯಿತು. ವರ್ಷಕ್ಕೆ ಹತ್ತಿರಹತ್ತಿರ 11 ಕಿಲೋ. ಹೋಳಿಗೆಗೆ ಬನ್ನಿ. ನಮ್ಮ ಮನೆಯಲ್ಲಿ ಕಾಲು ಕಿಲೋ ಬೇಳೆಗೆ ಕಾಲು ಕಿಲೋ ಬೆಲ್ಲ ಹಾಕಿದರೆ 15 ಹೋಳಿಗೆ. ಒಂದಕ್ಕೆ ಸುಮಾರು 17 ಗ್ರಾಂ ಬೆಲ್ಲ. ವರ್ಷದಲ್ಲಿ ಹತ್ತು ಹಬ್ಬಕ್ಕೆ ಹೋಳಿಗೆ ಮಾಡಿ, ಪ್ರತಿಸಲ ಮೂರು ತಿಂದರೂ ಬೆಲ್ಲ ಅರ್ಧ ಕಿಲೋದ ಆಸುಪಾಸು. ಹನ್ನೊಂದು ಕಿಲೋ ಕಾಫಿಯೊಳಗೆ ಸದ್ದಿಲ್ಲದೆ ಇಳಿದು ಹೋಯಿತು. ಜೈಲಿಗೆ ಹೋದದ್ದು ಅರ್ಧ ಕಿಲೋದ ಹೋಳಿಗೆ. ಸಂಜೆಯ ಬಿಸ್ಕತ್ತು, ಬೇಕರಿಯ ಖಾರಾ ಬನ್ನು, ಮಕ್ಕಳು ಬಿಟ್ಟ ಚಾಕೊಲೇಟು ಇವನ್ನು ನಾನಿನ್ನೂ ಸೇರಿಸಿಯೇ ಇಲ್ಲ. ನಮ್ಮಜ್ಜಿಯ ಕಾಲದಲ್ಲಿ ಸಿಹಿ ಎಂದರೆ ಹಬ್ಬ, ಹಬ್ಬ ಎಂದರೆ ಸಿಹಿ. ಈಗ ಸಿಹಿ ದಿನಾ ಇದೆ, ಬೈಗುಳ ಮಾತ್ರ ಹಬ್ಬಕ್ಕೆ ಮೀಸಲು.

ಓಟ್ಸ್ ಹೋಳಿಗೆ, ಸಕ್ಕರೆಯಿಲ್ಲದ ಪುಡಿಯಿಂದ ಮಾಡಿದ ಪಾಯಸ ಮುಂತಾದ ಬದಲಿ ಪಾಕಗಳ ಬಗ್ಗೆ ಎರಡೇ ಮಾತು. ಕಾಯಿಲೆಯವರಿಗೆ ಬೇಕಾದರೆ ಮಾಡಿಕೊಡಿ. ಉಳಿದವರು ಇಂಥ ಹೋಳಿಗೆ ಆರು ತಿಂದು ಸಮಾಧಾನವಾಗದೆ ನಿಜವಾದದ್ದನ್ನು ಹುಡುಕಿಕೊಂಡು ಹೋಗುವುದನ್ನು ಕಂಡಿದ್ದೇನೆ.

ಹೊತ್ತಿಗೆ, ಜೊತೆಯಲ್ಲಿ, ಕೂತು ಉಣ್ಣುವುದು ನಮ್ಮ ಹಬ್ಬಗಳಲ್ಲಿ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಬಯಲುಸೀಮೆಯ ಎಳ್ಳು ಅಮಾವಾಸ್ಯೆಯನ್ನು ನೋಡಬೇಕು. ನನ್ನ ಅತ್ತೆಯ ಮನೆಯವರು ಗದಗದ ಕಡೆಯವರು. ಸಜ್ಜೆ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲವನ್ನೂ ಬುಟ್ಟಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿದ ಮೇಲೆ ಎಲ್ಲರೂ ಮರದ ಕೆಳಗೆ ಕೂರುತ್ತಾರೆ. ನನ್ನ ಕಣ್ಣು ಹೋಗುವುದು ಒಂದೇ ಸಂಗತಿಗೆ: ಹೊಲದಲ್ಲಿ ಒಲೆಯಿಲ್ಲ. ಒಲೆಯಿಲ್ಲದ್ದರಿಂದ ಒಲೆಯ ಮುಂದೆ ನಿಲ್ಲುವವಳೂ ಇಲ್ಲ. ರೊಟ್ಟಿ ಆರಿದ್ದು ಎಲ್ಲರಿಗೂ ಆರಿದ್ದೇ. ಅತ್ತೆ, ಸೊಸೆ, ಗಂಡಸರು, ಆಳುಮಕ್ಕಳು ಒಂದೇ ಹೊತ್ತಿಗೆ ಉಣ್ಣುತ್ತಾರೆ. ಸೊಪ್ಪೂ ಕಾಳೂ ಎಲ್ಲರಿಗೂ ಸಿಗುತ್ತದೆ. ಉಂಡು, ಮನೆಯವರೆಗೆ ನಡೆಯುತ್ತಾರೆ. ಇದನ್ನು ಯಾವ ಪಂಗಡದವರೂ ಆರೋಗ್ಯ ಸಲಹೆಯೆಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಸೀಮೆಯದ್ದೇ ನಾಗರಪಂಚಮಿ ಇನ್ನೊಂದು. ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕುತ್ತಾ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ತಿನ್ನುವ ಹಬ್ಬ. ಜೀಕುವವಳ ಮುಖದಲ್ಲಿ ಅಪರಾಧದ ಗುರುತೇ ಇರುವುದಿಲ್ಲ. (ಆ ಉಂಡೆ ಕಟ್ಟಿದ ಅತ್ತಿಗೆ ಇನ್ನೂ ಒಳಗೇ ಇದ್ದಾಳೆ ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಅವಳೂ ಒಂದು ತವರಿನ ಮಗಳೇ, ಅವಳನ್ನೂ ಯಾರಾದರೂ ಕರೆಯಲು ಬಂದಿರಬೇಕಿತ್ತು.)

ಬಲಪುಟದಲ್ಲಿ ಒಳ್ಳೆಯದೇನೂ ಬರುವುದಿಲ್ಲವೆಂದರೆ ಅನ್ಯಾಯವಾದೀತು. ಒಂದು ದೀಪಾವಳಿ ಪುರವಣಿಯಲ್ಲಿ, ಲೇಖನವೂ ಅಲ್ಲ, ಓದುಗರ ಮೂಲೆಯಲ್ಲಿ, ಒಬ್ಬ ಗೃಹಿಣಿ ತಮ್ಮ ಮನೆಯ ಕ್ರಮವನ್ನು ಐದಾರು ಸಾಲಿನಲ್ಲಿ ಬರೆದಿದ್ದರು. ಹೂರಣವನ್ನು ಹಿಂದಿನ ರಾತ್ರಿಯೇ ರುಬ್ಬಿಡುತ್ತಾರಂತೆ. ಹೋಳಿಗೆಯನ್ನು ಮಂಗಳಾರತಿಗೆ ಮೊದಲೇ ಅಷ್ಟೂ ಬೇಯಿಸಿ ಬಟ್ಟೆ ಹೊದಿಸಿಡುತ್ತಾರಂತೆ. ಸ್ವಲ್ಪ ಆರಿದರೆ ಆರಲಿ. ಕೋಸಂಬರಿಗೆ ಸೌತೆಕಾಯಿ ಹೆಚ್ಚುವುದು ಕಾಲೇಜಿಗೆ ಹೋಗುವ ಮಗನ ಕೆಲಸ, ಕಾಯಿ ತುರಿಯುವುದು ಯಜಮಾನರದ್ದು. ಅಡುಗೆಯ ಬಗೆಗಳನ್ನು ಹದಿನಾಲ್ಕರಿಂದ ಎಂಟಕ್ಕೆ ಇಳಿಸಿದ್ದಾರೆ, ಯಾರೂ ಕೇಳಿಲ್ಲ. ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡು ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಬೇಕಾದವರು ಬೇಕಾದ್ದನ್ನು ಬಡಿಸಿಕೊಳ್ಳುತ್ತಾರೆ. ಮಿಕ್ಕ ಹೋಳಿಗೆಯನ್ನು ಅಂದೇ ಸಂಜೆ ಕೆಲಸದವರಿಗೂ ಅಕ್ಕಪಕ್ಕದವರಿಗೂ ಹಂಚುತ್ತಾರೆ. ಮರುದಿನದ ಊಟ ಬರೀ ತಿಳಿಸಾರು ಅನ್ನ, ಮಾಡುವುದಕ್ಕೂ ಸುಲಭ ಎಂದು ಬರೆದಿದ್ದರು.

ಕ್ಯಾಲೊರಿಯ ಮಾತಿಲ್ಲ, ಋಷಿಮುನಿಗಳ ಮಾತಿಲ್ಲ. ತೂಕ ಎಂಬ ಪದವೇ ಅದರಲ್ಲಿಲ್ಲ. ಸಂಪಾದಕರು ಅದನ್ನು ಬೆಳ್ಳಿ ಪಾತ್ರೆ ಹೊಳಪಿಸುವ ಉಪಾಯಕ್ಕೂ ಇರುವೆ ಓಡಿಸುವ ಉಪಾಯಕ್ಕೂ ನಡುವೆ, ಚಿಕ್ಕ ಅಕ್ಷರದಲ್ಲಿ ಹಾಕಿದ್ದರು. ನಾನು ಕತ್ತರಿಸಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಕೊಂಡೆ. ಎಣ್ಣೆ ಹಿಡಿದು ಅಕ್ಷರ ಮಾಸುತ್ತಿದೆ. ಮೊನ್ನೆ ನನ್ನ ಸೊಸೆ ಅದನ್ನು ತನ್ನ ಕೈಬರಹದಲ್ಲಿ ಇನ್ನೊಂದು ಹಾಳೆಗೆ ಇಳಿಸುತ್ತಾ, ಎಂಟು ಬಗೆಯಾದರೂ ಯಾಕೆ, ಆರು ಸಾಲದೇ ಎಂದು ಕೇಳಿದಳು.